ಕೇಬಲ್ ಕಟ್ ಆದ್ರೆ ಸೌಂಡ್‌ಬಾಕ್ಸ್ ಯಾಕೆ ಮೌನ? ಲಕ್ವ ಹೊಡೆದ್ರೆ ಕೈ ಯಾಕೆ ಬೀಳುತ್ತೆ? ಎರಡಕ್ಕೂ ಉತ್ತರ ಹೇಳ್ತಿದೆ ಒಂದೇ ವಿಜ್ಞಾನ

ತುಮಕೂರು: ಎಲ್ಲೋ ರಸ್ತೆ ಬದಿಯಲ್ಲಿ ಜೆಸಿಬಿ ಒಂದು ಗುಂಡಿ ತೋಡುತ್ತೆ. ಸ್ವಲ್ಪ ಹೊತ್ತಿಗೆ ಅಂಗಡಿ ಸಾಲಿನ ಕ್ಯೂಆರ್ ಕೋಡ್‌ಗಳೆಲ್ಲ ಬರೀ ಗೋಡೆಗೆ ಅಂಟಿಸಿದ ಕಾಗದ ಆಗಿಬಿಡುತ್ತವೆ. ಸೌಂಡ್‌ಬಾಕ್ಸ್ ಮಾತಾಡಲ್ಲ, ಗಿರಾಕಿ ಫೋನ್ ಮೇಲೆತ್ತಿ ಸಿಗ್ನಲ್ ಹುಡುಕ್ತಾ ನಿಲ್ತಾರೆ, ಚಿಲ್ಲರೆ ಇಲ್ಲದೆ ವ್ಯಾಪಾರ ನಿಲ್ಲುತ್ತೆ. ಇನ್ನೊಂದು ಕಡೆ, ಬೆಳಗ್ಗೆ ಚೆನ್ನಾಗಿ ಎದ್ದ ಮನೆಯ ಹಿರಿಯರು ಕಾಫಿ ಲೋಟ ಹಿಡಿಯಲು ಹೋದಾಗ ಕೈ ಮೇಲೇಳಲ್ಲ, ಬಾಯಿ ಒಂದು ಕಡೆಗೆ ಸೊಟ್ಟಗಾಗಿರುತ್ತೆ. ಮಿದುಳಿನ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿದೆ ಅಷ್ಟೇ, ಆದರೆ ಅರ್ಧ ಮೈ ಸುಮ್ಮನಾಗಿದೆ.

ಇವೆರಡಕ್ಕೂ ಏನು ಸಂಬಂಧ ಅಂತೀರಾ? ಸಂಬಂಧ ಇದೆ. ಕೇಬಲ್ ಜಾಲ, ಕರೆಂಟ್ ಜಾಲ, ಮಿದುಳಿನ ನರಗಳ ಜಾಲ, ಈ ಮೂರನ್ನೂ ಒಂದೇ ಲೆಕ್ಕದಿಂದ ಅರ್ಥ ಮಾಡಿಕೊಳ್ಳುವ ಸಂಶೋಧನೆ ಕಳೆದ ಇಪ್ಪತ್ತೈದು ವರ್ಷದಿಂದ ನಡೆದಿದೆ. ಭೌತಶಾಸ್ತ್ರದವರು, ಕಂಪ್ಯೂಟರ್ ನೆಟ್‌ವರ್ಕ್‌ನವರು, ಮಿದುಳು ತಜ್ಞರು ಒಬ್ಬರ ಕೆಲಸವನ್ನು ಇನ್ನೊಬ್ಬರು ಬಳಸಿಕೊಳ್ಳುತ್ತಿದ್ದಾರೆ. 2024ರ ಭೌತಶಾಸ್ತ್ರದ ನೊಬೆಲ್ ಬಂದಿದ್ದೂ ಇಂಥದ್ದೇ ಕೆಲಸಕ್ಕೆ. ಅದರ ಒಂದು ತುದಿ ಬೆಂಗಳೂರಿನ ಐಐಎಸ್‌ಸಿಯಲ್ಲಿದೆ, ಇನ್ನೊಂದು ತುದಿ ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿದೆ. ನಮ್ಮ ತುಮಕೂರು, ಗುಬ್ಬಿ, ಕುಣಿಗಲ್‌ನವರಿಗೆ ಇದರಿಂದ ಏನು ಉಪಯೋಗ ಅನ್ನೋದನ್ನು ಒಂದೊಂದಾಗಿ ನೋಡೋಣ.

ದೂರದ ನೆಂಟ ಒಬ್ಬ ಇದ್ರೆ ಸಾಕು

ಗುಬ್ಬಿಯಿಂದ ಕುಣಿಗಲ್‌ಗೆ ಒಂದು ಸುದ್ದಿ ಮುಟ್ಟಿಸಬೇಕು ಅಂದುಕೊಳ್ಳಿ. ಫೋನ್ ಇಲ್ಲ. ಪ್ರತಿಯೊಬ್ಬ ಅಂಗಡಿಯವನಿಗೂ ಅಕ್ಕಪಕ್ಕದ ಅಂಗಡಿಯವನು ಮಾತ್ರ ಗೊತ್ತು. ಆಗ ಸುದ್ದಿ ಬಾಯಿಂದ ಬಾಯಿಗೆ ಸಾವಿರ ಕೈ ದಾಟಿ ಹೋಗಬೇಕು. ಅದೇ ಸಾಲಿನಲ್ಲಿ ಒಬ್ಬನಿಗೆ ಹೆಬ್ಬೂರಲ್ಲಿ ಮಾವನ ಮನೆ, ಇನ್ನೊಬ್ಬನಿಗೆ ಕುಣಿಗಲ್‌ನಲ್ಲಿ ಸಗಟು ವ್ಯಾಪಾರ ಇದ್ದರೆ? ಐದಾರು ಜನರಲ್ಲಿ ಸುದ್ದಿ ತಲುಪುತ್ತೆ. ಎಲ್ಲರಿಗೂ ದೂರದ ನೆಂಟರು ಇರಬೇಕಾಗಿಲ್ಲ, ನೂರರಲ್ಲಿ ಒಬ್ಬಿಬ್ಬರಿಗೆ ಇದ್ದರೂ ಇಡೀ ಊರಿನ ದೂರ ಕಡಿಮೆಯಾಗುತ್ತೆ.

1998ರಲ್ಲಿ ಡಂಕನ್ ವಾಟ್ಸ್ ಮತ್ತು ಸ್ಟೀವನ್ ಸ್ಟ್ರೋಗಾಟ್ಸ್ ಎಂಬ ಇಬ್ಬರು ಇದನ್ನೇ ಲೆಕ್ಕ ಹಾಕಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ಪರೀಕ್ಷೆಗೆ ತೆಗೆದುಕೊಂಡಿದ್ದು ಮೂರು ಜಾಲ: ಅಮೆರಿಕದ ಪಶ್ಚಿಮ ಭಾಗದ ವಿದ್ಯುತ್ ಜಾಲ, ಜೊತೆಯಾಗಿ ನಟಿಸಿದ ಸಿನಿಮಾ ನಟರ ಜಾಲ, ಮತ್ತು ಒಂದು ಮಿಲಿಮೀಟರ್ ಉದ್ದದ ಹುಳುವಿನ ನರಗಳ ಜಾಲ. ಆ ಹುಳುವಿಗೆ ಇರುವುದು 302 ನರಕೋಶ ಮಾತ್ರ. ಮೂರೂ ಬೇರೆ ಬೇರೆ ವಸ್ತು, ಆದರೆ ಕಟ್ಟಡ ಒಂದೇ ಥರ: ಹತ್ತಿರದವರ ಜೊತೆ ಗಟ್ಟಿ ಸಂಪರ್ಕ, ಜೊತೆಗೆ ದೂರಕ್ಕೆ ಹೋಗುವ ಕೆಲವೇ ಎಳೆಗಳು. ಇದಕ್ಕೆ 'ಸಣ್ಣ ಲೋಕ' ಜಾಲ ಅಂತ ಹೆಸರಾಯಿತು.

ಯಾಕೆ ಹೀಗೆ? ತಂತಿ ಎಳೆಯೋದಕ್ಕೆ ಖರ್ಚಿದೆ. ಪ್ರತಿ ಮನೆಯಿಂದ ಪ್ರತಿ ಮನೆಗೂ ತಂತಿ ಎಳೆಯೋಕಾಗಲ್ಲ. ಮಿದುಳಿಗೂ ಅದೇ ಕಷ್ಟ. ನಮ್ಮ ತೂಕದಲ್ಲಿ ಮಿದುಳಿನ ಪಾಲು ಶೇ 2ರಷ್ಟು, ಆದರೆ ದೇಹದ ಶಕ್ತಿಯಲ್ಲಿ ಶೇ 20ರಷ್ಟನ್ನು ಅದೊಂದೇ ಬಳಸಿಕೊಳ್ಳುತ್ತೆ. ಅದಕ್ಕೇ ಹತ್ತಿರಕ್ಕೆ ಬಹಳ, ದೂರಕ್ಕೆ ಕೆಲವೇ. ಖರ್ಚು ಕಡಿಮೆ, ಕೆಲಸ ಬೇಗ.

ಜಂಕ್ಷನ್ ಬಿದ್ರೆ ಊರೇ ನಿಲ್ಲುತ್ತೆ

ಅದರ ಮರುವರ್ಷ, 1999ರಲ್ಲಿ, ಆಲ್ಬರ್ಟ್-ಲಾಸ್ಲೊ ಬರಾಬಾಸಿ ಮತ್ತು ರೇಕಾ ಆಲ್ಬರ್ಟ್ ಎಂಬ ಭೌತವಿಜ್ಞಾನಿಗಳು ಇನ್ನೊಂದು ವಿಷಯ ತೋರಿಸಿದರು. ಬಹಳಷ್ಟು ಜಾಲಗಳಲ್ಲಿ ಎಲ್ಲ ಕೊಂಡಿಗಳೂ ಸಮ ಅಲ್ಲ. ಕೆಲವು ಕೊಂಡಿಗೆ ನೂರಾರು ಸಂಪರ್ಕ, ಉಳಿದ ಸಾವಿರಾರು ಕೊಂಡಿಗೆ ಒಂದೆರಡು. ಇದು ನಮಗೆ ಹೊಸದಲ್ಲ. ಗುಬ್ಬಿಯಿಂದ ಕುಣಿಗಲ್‌ಗೆ ಹೊರಟ ಬಹಳ ಮಂದಿ ತುಮಕೂರಿಗೆ ಬಂದು ಬಸ್ ಬದಲಿಸುತ್ತಾರೆ. ಯಾವುದೋ ಹಳ್ಳಿ ಗೇಟ್‌ನಲ್ಲಿ ಬಸ್ ನಿಲ್ಲಿಸದಿದ್ದರೆ ಆ ಹಳ್ಳಿಗೆ ಮಾತ್ರ ತೊಂದರೆ. ತುಮಕೂರು ಬಸ್ ನಿಲ್ದಾಣ ಒಂದು ದಿನ ಬಂದ್ ಆದರೆ ಅರ್ಧ ಜಿಲ್ಲೆಯೇ ಪರದಾಡುತ್ತೆ.

2000ದಲ್ಲಿ ಇವರಿಬ್ಬರೂ ಹಾವೂಂಗ್ ಜಿಯಾಂಗ್ ಎಂಬ ಸಹೋದ್ಯೋಗಿ ಜೊತೆ ಸೇರಿ ಇದನ್ನೇ ಇಂಟರ್‌ನೆಟ್ ಮೇಲೆ ಲೆಕ್ಕ ಹಾಕಿದರು. ಲಾಟರಿ ಎತ್ತಿದ ಹಾಗೆ ಯಾವುದೋ ಒಂದು ಕೊಂಡಿ ಕೆಟ್ಟರೆ ಇಂಥ ಜಾಲಕ್ಕೆ ಏನೂ ಆಗಲ್ಲ, ಯಾಕೆಂದರೆ ಕೆಡೋದು ಸಾಮಾನ್ಯವಾಗಿ ಸಣ್ಣ ಕೊಂಡಿಯೇ. ಆದರೆ ಹುಡುಕಿ ಹುಡುಕಿ ದೊಡ್ಡ ಜಂಕ್ಷನ್‌ಗಳನ್ನೇ ಕೆಡಿಸಿದರೆ ಜಾಲ ಬೇಗ ಚೂರು ಚೂರಾಗುತ್ತೆ. ಅಂದರೆ ಜಂಕ್ಷನ್‌ನಿಂದ ಅನುಕೂಲವೂ ಹೌದು, ಅಪಾಯವೂ ಹೌದು.

ಮಿದುಳಿನಲ್ಲೂ ಇಂಥ ಜಂಕ್ಷನ್ ಭಾಗಗಳಿವೆ. ಮರೆವಿನ ಕಾಯಿಲೆ ಅಲ್ಝೈಮರ್‌ನಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನ್ ಮಿದುಳಲ್ಲಿ ಗಂಟುಗಟ್ಟಿಕೊಳ್ಳುತ್ತೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆ ಗಂಟುಗಳು ಹೆಚ್ಚಾಗಿ ಕಂಡಿದ್ದು ಸಂಪರ್ಕ ಜಾಸ್ತಿ ಇರುವ ಈ ಜಂಕ್ಷನ್ ಭಾಗಗಳಲ್ಲೇ. ಮರೆವಿನ ಕಾಯಿಲೆಯಲ್ಲಿ ಒಂದೇ ಸಲಕ್ಕೆ ದಾರಿ, ಹೆಸರು, ಲೆಕ್ಕ ಎಲ್ಲವೂ ಯಾಕೆ ತಪ್ಪುತ್ತೆ ಅನ್ನೋದಕ್ಕೆ ಇದೊಂದು ವಿವರಣೆ.

ಗೆರೆ ಬೇಕೋ, ಬಳೆ ಬೇಕೋ?

ಈಗ ನಮ್ಮ ಪಂಚಾಯಿತಿ ಕೇಬಲ್‌ಗೆ ಬರೋಣ. ಹಳ್ಳಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿದ್ದು 2011ರ ಅಕ್ಟೋಬರ್‌ನಲ್ಲಿ. ಆಮೇಲೆ ಅದಕ್ಕೆ ಭಾರತ್‌ನೆಟ್ ಅಂತ ಹೆಸರಾಯಿತು. ಮೊದಲ ಹಂತದಲ್ಲಿ ಕೇಬಲ್ ಹೆಚ್ಚಾಗಿ ಗೆರೆ ಥರ ಹೋಯಿತು. ಒಂದು ಉದಾಹರಣೆ ಹೇಳುತ್ತೇವೆ, ಇದು ನಿಜವಾದ ಕೇಬಲ್ ನಕ್ಷೆ ಅಲ್ಲ. ಗುಬ್ಬಿಯಿಂದ ನಿಟ್ಟೂರು, ನಿಟ್ಟೂರಿಂದ ಕಡಬ, ಕಡಬದಿಂದ ಸಿ.ಎಸ್.ಪುರಕ್ಕೆ ಒಂದೇ ಕೇಬಲ್ ಹೋಗಿದೆ ಅಂದುಕೊಳ್ಳಿ. ಗುಬ್ಬಿ-ನಿಟ್ಟೂರು ಮಧ್ಯೆ ಚರಂಡಿ ಕೆಲಸದಲ್ಲಿ ಕೇಬಲ್ ತುಂಡಾದರೆ ಮೂರೂ ಊರು ಒಟ್ಟಿಗೆ ಹೋಯಿತು. ಸಿ.ಎಸ್.ಪುರದವರು ಏನೂ ತಪ್ಪು ಮಾಡಿಲ್ಲ, ಆದರೂ ಅವರ ಪಹಣಿ ಪ್ರಿಂಟ್ ನಿಂತಿತು.

ಅದೇ ಕೇಬಲ್ ಸಿ.ಎಸ್.ಪುರದಿಂದ ಬೇರೆ ದಾರಿಯಲ್ಲಿ ತಿರುಗಿ ಗುಬ್ಬಿಗೆ ಬಂದು ಸೇರಿದ್ದರೆ? ಅದು ಬಳೆ ಆಗುತ್ತಿತ್ತು. ಒಂದು ಕಡೆ ತುಂಡಾದರೆ ಡೇಟಾ ಇನ್ನೊಂದು ಕಡೆಯಿಂದ ಸುತ್ತಿ ಬರುತ್ತೆ. ಗಿರಾಕಿಗೆ ಗೊತ್ತೇ ಆಗಲ್ಲ. 2023ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಪರಿಷ್ಕೃತ ಭಾರತ್‌ನೆಟ್ ಯೋಜನೆಯಲ್ಲಿ ಈ ಬದಲಾವಣೆಯೇ ಮುಖ್ಯ. ಸುಮಾರು 1.39 ಲಕ್ಷ ಕೋಟಿ ರೂಪಾಯಿಯ ಈ ಯೋಜನೆಯಲ್ಲಿ ತಾಲ್ಲೂಕು ಮಟ್ಟದಿಂದ ಗ್ರಾಮ ಪಂಚಾಯಿತಿಗೆ ಗೆರೆಯ ಬದಲು ಬಳೆಯಾಕಾರದಲ್ಲಿ ಕೇಬಲ್ ಎಳೆಯಬೇಕು ಅಂತ ಇದೆ. ನಿಮ್ಮ ಗ್ರಾಮಸಭೆಯಲ್ಲಿ ಫೈಬರ್ ವಿಷಯ ಬಂದರೆ 'ಕೇಬಲ್ ಬಂತಾ' ಅಂತ ಮಾತ್ರ ಕೇಳಬೇಡಿ. 'ಎರಡನೇ ದಾರಿ ಇದೆಯಾ' ಅಂತಲೂ ಕೇಳಿ.

ಈ ಐಡಿಯಾ ಹೊಸದೇನಲ್ಲ. 1964ರಲ್ಲೇ ಅಮೆರಿಕದ ಪಾಲ್ ಬರಾನ್ ಎಂಬ ಎಂಜಿನಿಯರ್, ಯುದ್ಧದಲ್ಲಿ ಒಂದು ಕೇಂದ್ರ ನಾಶವಾದರೂ ಮಾತು ನಿಲ್ಲದಂಥ ಜಾಲ ಹೇಗಿರಬೇಕು ಅಂತ ಬರೆದಿದ್ದರು. ಎಲ್ಲವೂ ಒಂದೇ ಕೇಂದ್ರಕ್ಕೆ ಸೇರಬಾರದು, ಮೀನಿನ ಬಲೆ ಥರ ಇರಬೇಕು, ಸಂದೇಶವನ್ನು ಸಣ್ಣ ಸಣ್ಣ ತುಂಡು ಮಾಡಿ ಯಾವ ದಾರಿ ಖಾಲಿ ಇದೆಯೋ ಆ ದಾರಿಯಲ್ಲಿ ಕಳಿಸಬೇಕು ಅನ್ನೋದು ಅವರ ವಾದ. ಇವತ್ತಿನ ಇಂಟರ್‌ನೆಟ್ ಓಡೋದು ಆ ತತ್ವದ ಮೇಲೆಯೇ. ತೊಂದರೆ ಬರೋದು ಕೊನೆಯ ಕೆಲವು ಕಿಲೋಮೀಟರ್‌ನಲ್ಲಿ. ಅಲ್ಲಿ ಬಲೆ ಇಲ್ಲ, ಒಂದೇ ದಾರ ಇರುತ್ತೆ.

ಅಂಗಡಿಯವರು ಇನ್ನೊಂದು ಗಮನಿಸಬೇಕು. 'ನನ್ನ ಹತ್ರ ಎರಡು ಕಂಪನಿ ಸಿಮ್ ಇದೆ, ಒಂದು ಹೋದ್ರೆ ಇನ್ನೊಂದು ಇರುತ್ತೆ' ಅಂತ ಧೈರ್ಯದಲ್ಲಿ ಇರ್ತೀವಿ. ಆದರೆ ಮೊಬೈಲ್ ಟವರ್‌ಗೂ ಹಿಂದೆ ಕೇಬಲ್ ಬೇಕು. ಎರಡು ಕಂಪನಿ ಕೇಬಲ್‌ಗಳೂ ಒಂದೇ ರಸ್ತೆ ಬದಿಯ ಒಂದೇ ಕಾಲುವೆಯಲ್ಲಿ ಹೋಗಿದ್ದರೆ ಜೆಸಿಬಿ ಎರಡನ್ನೂ ಒಟ್ಟಿಗೆ ಕೀಳುತ್ತೆ. ಎರಡು ಸಿಮ್ ಅಂದ ಮಾತ್ರಕ್ಕೆ ಎರಡು ದಾರಿ ಅಂತ ಅಲ್ಲ.

ಸೌಂಡ್‌ಬಾಕ್ಸ್ ವಿಷಯವೂ ಅಷ್ಟೇ. ಗಿರಾಕಿ ಹಣ ಕಳಿಸಿದಾಗ ಆ ಮಾಹಿತಿ ಅವರ ಫೋನಿಂದ ಪೇಮೆಂಟ್ ಆ್ಯಪ್‌ಗೆ, ಅಲ್ಲಿಂದ ಎನ್‌ಪಿಸಿಐಗೆ, ಎರಡೂ ಬ್ಯಾಂಕ್‌ಗೆ ಹೋಗಿ ಬರುತ್ತೆ. ಹಣ ಸೇರಿದ ಮೇಲೆ ಕಟ್ಟಕಡೆಗೆ ನಿಮ್ಮ ಡಬ್ಬಿಗೆ ಒಂದು ಸಂದೇಶ ಬರುತ್ತೆ. ಡಬ್ಬಿಗೆ ಸಿಗ್ನಲ್ ಇಲ್ಲದಿದ್ದರೂ ಹಣ ಖಾತೆಗೆ ಬಂದಿರಬಹುದು. ಹಾಗಾಗಿ ಡಬ್ಬಿ ಮಾತಾಡಲಿಲ್ಲ ಅಂತ ಗಿರಾಕಿ ಮೇಲೆ ರೇಗಬೇಡಿ. ಹಾಗಂತ ಅವರು ತೋರಿಸುವ ಸ್ಕ್ರೀನ್‌ಶಾಟ್ ನೋಡಿ ಸಾಮಾನು ಕೊಡಲೂ ಬೇಡಿ, ಸ್ಕ್ರೀನ್‌ಶಾಟ್ ಯಾರು ಬೇಕಾದರೂ ತಯಾರು ಮಾಡಬಹುದು. ನಿಮ್ಮ ಆ್ಯಪ್‌ನಲ್ಲೋ ಬ್ಯಾಂಕ್ ಖಾತೆಯಲ್ಲೋ ನೋಡಿದ್ದೇ ನಿಜ.

ನಮ್ಮ ಕರೆಂಟಿನ ತಾಳ, ಮಿದುಳಿನ ತಾಳ

ಮೂರನೆಯದು ಕರೆಂಟ್. 2012ರ ಜುಲೈ 30 ಮತ್ತು 31 ನೆನಪಿದೆಯಾ? ಉತ್ತರ ಭಾರತ ಎರಡು ದಿನ ಕತ್ತಲಲ್ಲಿ ಮುಳುಗಿತು. ಎರಡನೇ ದಿನ ಸುಮಾರು 62 ಕೋಟಿ ಜನ ಇರುವ ಪ್ರದೇಶಕ್ಕೆ ಅದರ ಬಿಸಿ ತಟ್ಟಿತು. ಶುರುವಾಗಿದ್ದು ಮಧ್ಯಪ್ರದೇಶದ ಬೀನಾ-ಗ್ವಾಲಿಯರ್ ಮಧ್ಯದ ಒಂದು 400 ಕೆ.ವಿ ಲೈನ್‌ನಿಂದ. ಆ ಲೈನ್ ಟ್ರಿಪ್ ಆಯಿತು, ಅದರ ಹೊರೆ ಪಕ್ಕದ ಲೈನ್ ಮೇಲೆ ಬಿತ್ತು, ಅದೂ ಟ್ರಿಪ್ ಆಯಿತು, ಆಮೇಲೆ ಸಾಲಾಗಿ ಎಲ್ಲವೂ ಹೋದವು.

ಆಗ ತುಮಕೂರಿನಲ್ಲಿ ದೀಪ ಉರಿಯುತ್ತಲೇ ಇತ್ತು. ಕಾರಣ, ದಕ್ಷಿಣದ ಜಾಲ ಆಗ ಉತ್ತರದ ಜೊತೆ ಒಂದೇ ತಾಳದಲ್ಲಿ ಓಡುತ್ತಿರಲಿಲ್ಲ. ನಮ್ಮ ಮನೆಗೆ ಬರುವ ಕರೆಂಟ್ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತೂಗುತ್ತೆ. ಒಂದು ಜಾಲದ ಎಲ್ಲ ಜನರೇಟರ್‌ಗಳೂ ಈ ತೂಗಾಟದಲ್ಲಿ ಹೆಜ್ಜೆಗೆ ಹೆಜ್ಜೆ ಹಾಕಬೇಕು. ಆಗ ಉತ್ತರಕ್ಕೂ ದಕ್ಷಿಣಕ್ಕೂ ಮಧ್ಯೆ ಡಿ.ಸಿ ಸಂಪರ್ಕ ಮಾತ್ರ ಇತ್ತು. ಕರೆಂಟ್ ಕೊಡು-ತಗೋ ನಡೆಯುತ್ತಿತ್ತು, ತಾಳ ಬೇರೆಬೇರೆ. 2013ರ ಡಿಸೆಂಬರ್ 31ರಂದು ರಾಯಚೂರು-ಸೋಲಾಪುರ 765 ಕೆ.ವಿ ಲೈನ್ ಚಾಲೂ ಆಯಿತು. ಅವತ್ತಿಂದ ದೇಶಕ್ಕೆಲ್ಲ ಒಂದೇ ತಾಳ. ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕ್‌ನ ಕರೆಂಟ್ ಸೇರೋದೂ ಈ ಒಂದೇ ಜಾಲಕ್ಕೆ. ಎಲ್ಲೋ ಮೋಡ ಕವಿದರೆ ಇನ್ನೆಲ್ಲಿಂದಲೋ ಕರೆಂಟ್ ತರಬಹುದು, ಅದು ಲಾಭ. ಒಂದು ಕಡೆಯ ಏಟು ಎಲ್ಲ ಕಡೆಗೂ ಹರಿಯುವ ಸಾಧ್ಯತೆಯೂ ಇದೆ, ಅದು ಬೆಲೆ. ಅದಕ್ಕೇ ದೊಡ್ಡ ಏರುಪೇರು ಬಂದಾಗ ಜಾಲದ ಒಂದು ಭಾಗವನ್ನು ತಾನಾಗಿಯೇ ಕತ್ತರಿಸಿ ಬೇರೆ ಮಾಡುವ ವ್ಯವಸ್ಥೆ ಇಟ್ಟಿರುತ್ತಾರೆ.

ಸಭೆಯಲ್ಲಿ ಜನ ಚಪ್ಪಾಳೆ ತಟ್ಟುವುದನ್ನು ಗಮನಿಸಿದ್ದೀರಾ? ಮೊದಲು ಚೆಲ್ಲಾಪಿಲ್ಲಿ, ಸ್ವಲ್ಪ ಹೊತ್ತಿಗೆ ಯಾರೂ ಹೇಳದೆಯೇ ಎಲ್ಲರದ್ದೂ ಒಂದೇ ತಾಳ. ಇದು ಹೇಗೆ ಆಗುತ್ತೆ ಅನ್ನೋದಕ್ಕೆ 1975ರಲ್ಲಿ ಜಪಾನಿನ ಭೌತವಿಜ್ಞಾನಿ ಯೋಶಿಕಿ ಕುರಮೋಟೊ ಒಂದು ಸಮೀಕರಣ ಕೊಟ್ಟರು. ಅದೇ ಸಮೀಕರಣವನ್ನು ಇವತ್ತು ಜನರೇಟರ್‌ಗಳ ಲೆಕ್ಕಕ್ಕೂ ಬಳಸುತ್ತಾರೆ, ಮಿದುಳಿನ ಲೆಕ್ಕಕ್ಕೂ ಬಳಸುತ್ತಾರೆ.

ಮಿದುಳಿನ ವಿಷಯದಲ್ಲಿ ಮಾತ್ರ ಒಂದು ವ್ಯತ್ಯಾಸ. ಕರೆಂಟ್ ಜಾಲದಲ್ಲಿ ಎಲ್ಲರೂ ಒಂದೇ ತಾಳದಲ್ಲಿ ಇರಲೇಬೇಕು. ಮಿದುಳಲ್ಲಿ ನರಕೋಶಗಳು ಅಗತ್ಯವಿದ್ದಷ್ಟು ಮಾತ್ರ ಜೊತೆಯಾಗಬೇಕು. ಲಕ್ಷಾಂತರ ಕೋಶಗಳು ಹತೋಟಿ ಮೀರಿ ಒಟ್ಟಿಗೆ ಮಿಡಿದರೆ ಅದೇ ಮೂರ್ಛೆ, ನಾವು ಫಿಟ್ಸ್ ಅಂತೀವಿ. ಅದು ದೇವರ ಕಾಟವೂ ಅಲ್ಲ, ಅಂಟುವ ರೋಗವೂ ಅಲ್ಲ. ಕೈಗೆ ಕಬ್ಬಿಣದ ಬೀಗದ ಕೈ ಕೊಡೋದು, ಮೂಗಿಗೆ ಈರುಳ್ಳಿ, ಚಪ್ಪಲಿ ಹಿಡಿಯೋದು ಇದರಿಂದ ಫಿಟ್ಸ್ ನಿಲ್ಲಲ್ಲ. ಬಹಳ ಸಲ ಒಂದೆರಡು ನಿಮಿಷದಲ್ಲಿ ಅದಾಗಿಯೇ ನಿಲ್ಲುತ್ತೆ, ಆಗ ಕೈಯಲ್ಲಿ ಬೀಗದ ಕೈ ಇತ್ತು ಅಂತ ಅದಕ್ಕೆ ಹೆಸರು ಬಂದಿದೆ ಅಷ್ಟೇ. ಮಾಡಬೇಕಾದ್ದು ಇಷ್ಟು: ಒಂದು ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ, ಗಟ್ಟಿಯಾಗಿ ಅದುಮಿ ಹಿಡಿಯಬೇಡಿ, ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.

ನೊಣದ ಮಿದುಳಿನ ಪೂರ್ತಿ ನಕ್ಷೆ ಬಂದಿದೆ

ಜಾಲ ಅರ್ಥವಾಗಬೇಕಾದರೆ ಮೊದಲು ನಕ್ಷೆ ಬೇಕು. 302 ಕೋಶದ ಆ ಹುಳುವಿನ ನರಗಳ ನಕ್ಷೆ 1986ರಲ್ಲೇ ಬಂದಿತ್ತು. ಮುಂದಿನ ದೊಡ್ಡ ಹೆಜ್ಜೆಗೆ ಸುಮಾರು ನಲವತ್ತು ವರ್ಷ ಬೇಕಾಯಿತು. 2024ರ ಅಕ್ಟೋಬರ್‌ನಲ್ಲಿ 'ಫ್ಲೈವೈರ್' ಎಂಬ ತಂಡ ಒಂದು ಬೆಳೆದ ಹಣ್ಣಿನ ನೊಣದ ಇಡೀ ಮಿದುಳಿನ ನಕ್ಷೆ ಪ್ರಕಟಿಸಿತು. ಬಾಳೆಹಣ್ಣು ಕೊಳೆತರೆ ಮುತ್ತಿಕೊಳ್ಳುತ್ತಲ್ಲ, ಅದೇ ಸಣ್ಣ ನೊಣ. ಅದರ ಗಸಗಸೆಯಷ್ಟು ಮಿದುಳಲ್ಲಿ 1,39,255 ನರಕೋಶ, ಅವುಗಳ ನಡುವೆ 5 ಕೋಟಿಗೂ ಹೆಚ್ಚು ಸಂಪರ್ಕ. ತಂಡದ ಮುಂದಾಳುಗಳಲ್ಲಿ ಒಬ್ಬರಾದ ಸೆಬಾಸ್ಟಿಯನ್ ಸಂಗ್ ಮೂಲತಃ ಭೌತಶಾಸ್ತ್ರ ಓದಿದವರು.

2025ರ ಏಪ್ರಿಲ್‌ನಲ್ಲಿ ಇಲಿಯ ಮಿದುಳಿನ ಒಂದು ಘನ ಮಿಲಿಮೀಟರ್ ತುಂಡಿನ ನಕ್ಷೆಯೂ ಬಂತು. ಅಂದರೆ ಒಂದು ದಪ್ಪ ಸಕ್ಕರೆ ಹರಳಿನಷ್ಟು. ಅಷ್ಟರಲ್ಲೇ 2 ಲಕ್ಷ ಜೀವಕೋಶ, 52 ಕೋಟಿ ಸಂಪರ್ಕ. ನಮ್ಮ ತಲೆಯಲ್ಲಿರುವುದು ಸುಮಾರು 8,600 ಕೋಟಿ ನರಕೋಶ. ನಮ್ಮ ನಕ್ಷೆಗೆ ಇನ್ನೂ ಬಹಳ ದೂರ ಇದೆ ಅನ್ನೋದು ಈ ಲೆಕ್ಕದಲ್ಲೇ ಗೊತ್ತಾಗುತ್ತೆ.

ನಮ್ಮ ವಿದ್ಯಾರ್ಥಿಗಳಿಗೆ ಇದರಲ್ಲಿ ಒಂದು ಅವಕಾಶ ಇದೆ. ನೊಣದ ನಕ್ಷೆ ಎಲ್ಲರಿಗೂ ಉಚಿತವಾಗಿ ಇಂಟರ್‌ನೆಟ್‌ನಲ್ಲಿ ಸಿಗುತ್ತೆ. ಅದನ್ನು ತಿದ್ದುವ ಕೆಲಸದಲ್ಲಿ ವಿಜ್ಞಾನಿಗಳ ಜೊತೆ ಸಾಮಾನ್ಯ ಜನರೂ ಕೈ ಜೋಡಿಸಿದ್ದರು. ತುಮಕೂರಿನ ಎಸ್‌ಐಟಿ, ಗುಬ್ಬಿಯ ಸಿಐಟಿ, ತುಮಕೂರು ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್, ಭೌತಶಾಸ್ತ್ರ ಓದುವವರು ಪ್ರಾಜೆಕ್ಟ್‌ಗೆ ಅದನ್ನೇ ತೆಗೆದುಕೊಳ್ಳಬಹುದು. ಲ್ಯಾಬ್ ಬೇಡ, ಲ್ಯಾಪ್‌ಟಾಪ್ ಸಾಕು.

'ಅದೇ ಕಣಣ್ಣ, ನೀಲಿ ಕವರ್‌ದು'

ಗಿರಾಕಿ ಬಂದು 'ಅದೇ ಕಣಣ್ಣ, ಹೋದ್ಸಲ ಕೊಟ್ರಲ್ಲ, ನೀಲಿ ಕವರ್‌ದು, ಹೆಸ್ರು ಬರ್ತಿಲ್ಲ' ಅಂತಾರೆ. ಅಂಗಡಿಯವರು ಒಂದು ಕ್ಷಣವೂ ಯೋಚಿಸದೆ ಸರಿಯಾದ ಸೋಪಿನ ಪುಡಿ ತೆಗೆದು ಕೊಡ್ತಾರೆ. ಹಳೇ ಕಂಪ್ಯೂಟರ್‌ಗೆ ಇದು ಆಗದ ಕೆಲಸ. ಅದಕ್ಕೆ ಪೂರ್ತಿ ಹೆಸರು ಬೇಕು ಇಲ್ಲವೇ ಕೋಡ್ ಬೇಕು.

ಅರ್ಧ ಸುಳಿವಿನಿಂದ ಪೂರ್ತಿ ನೆನಪು ಹೇಗೆ ಬರುತ್ತೆ ಅಂತ 1982ರಲ್ಲಿ ಜಾನ್ ಹಾಪ್‌ಫೀಲ್ಡ್ ಎಂಬ ಭೌತವಿಜ್ಞಾನಿ ಲೆಕ್ಕ ಹಾಕಿ ತೋರಿಸಿದರು. ಅಯಸ್ಕಾಂತದೊಳಗಿನ ಅಣುಗಳು ಅಕ್ಕಪಕ್ಕದವನ್ನು ನೋಡಿ ದಿಕ್ಕು ಬದಲಿಸುವ ಲೆಕ್ಕವನ್ನೇ ಅವರು ನರಕೋಶಗಳಿಗೆ ಹೊಂದಿಸಿದರು. ಹಳ್ಳ-ದಿಣ್ಣೆ ಇರುವ ಹೊಲದಲ್ಲಿ ಮಳೆ ನೀರು ಎಲ್ಲಿ ಬಿದ್ದರೂ ಹತ್ತಿರದ ಹಳ್ಳಕ್ಕೆ ಹೋಗಿ ನಿಲ್ಲುವ ಹಾಗೆ, ಅರ್ಧ ಸುಳಿವು ಕೊಟ್ಟರೂ ಜಾಲ ಹತ್ತಿರದ ನೆನಪಿಗೆ ಇಳಿದು ನಿಲ್ಲುತ್ತೆ. ಇಲ್ಲಿ ಒಂದು ನೆನಪು ಒಂದು ಕೋಶದಲ್ಲಿ ಇರಲ್ಲ, ಇಡೀ ಜಾಲದ ಸಂಪರ್ಕಗಳಲ್ಲಿ ಹರಡಿರುತ್ತೆ. ಕೆಲವು ಕೋಶ ಹೋದರೂ ನೆನಪು ಉಳಿಯುತ್ತೆ. ಇದೇ ದಾರಿಯಲ್ಲಿ ಜೆಫ್ರಿ ಹಿಂಟನ್ ಮುಂದೆ ಹೋದರು, ಅದರಿಂದ ಇವತ್ತಿನ ಎಐ ಬೆಳೆಯಿತು. 2024ರ ಭೌತಶಾಸ್ತ್ರದ ನೊಬೆಲ್ ಇವರಿಬ್ಬರಿಗೆ ಹಂಚಿಕೆಯಾಯಿತು.

ಎಐಗೆ ಇರುವ ದೊಡ್ಡ ತಲೆನೋವು ಕರೆಂಟ್. ಮಿದುಳು ಓಡೋದು ಸುಮಾರು 20 ವಾಟ್‌ನಲ್ಲಿ, ಅಂದರೆ ಒಂದು ಎಲ್‌ಇಡಿ ಟ್ಯೂಬ್‌ಲೈಟ್‌ನಷ್ಟು. ಎಐ ಓಡಿಸುವ ಡೇಟಾ ಸೆಂಟರ್‌ಗಳಿಗೆ ಮೆಗಾವಾಟ್ ಲೆಕ್ಕದಲ್ಲಿ ಬೇಕು. ಕಾರಣ ವ್ಯಾಪಾರಸ್ಥರಿಗೆ ಬೇಗ ಅರ್ಥವಾಗುತ್ತೆ. ಕಂಪ್ಯೂಟರ್‌ನಲ್ಲಿ ಅಂಗಡಿ ಒಂದು ಕಡೆ, ಗೋಡೌನ್ ಇನ್ನೊಂದು ಕಡೆ. ಲೆಕ್ಕ ಮಾಡುವ ಚಿಪ್ ಬೇರೆ, ನೆನಪಿಡುವ ಚಿಪ್ ಬೇರೆ. ಪ್ರತಿ ಸಾಮಾನಿಗೂ ಗೋಡೌನ್‌ಗೆ ಹೋಗಿ ಬರುವ ಆಟೋ ಚಾರ್ಜೇ ಜಾಸ್ತಿ. ಮಿದುಳಲ್ಲಿ ಅಂಗಡಿಯೂ ಗೋಡೌನೂ ಒಂದೇ ಜಾಗ.

ಇದನ್ನು ಚಿಪ್‌ನಲ್ಲಿ ತರುವ ಕೆಲಸ ನಮ್ಮ ಪಕ್ಕದ ಬೆಂಗಳೂರಿನಲ್ಲೇ ನಡೆದಿದೆ. ಐಐಎಸ್‌ಸಿಯ ನ್ಯಾನೋ ವಿಜ್ಞಾನ ಕೇಂದ್ರದ ಶ್ರೀತೋಷ್ ಗೋಸ್ವಾಮಿ ಅವರ ತಂಡ 2024ರ ಸೆಪ್ಟೆಂಬರ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿತು. ಸಾಮಾನ್ಯ ಚಿಪ್‌ನ ಒಂದು ಸ್ವಿಚ್‌ಗೆ ಎರಡೇ ಸ್ಥಿತಿ, ಆನ್ ಇಲ್ಲವೇ ಆಫ್. ಇವರು ಒಂದು ಲೋಹ-ಸಾವಯವ ಅಣುವಿನ ತೆಳು ಪದರದಲ್ಲಿ 16,500 ಸ್ಥಿತಿಗಳನ್ನು ಬೇರೆಬೇರೆಯಾಗಿ ಹಿಡಿದಿಟ್ಟು ತೋರಿಸಿದರು. ಲೈಟಿನ ಸ್ವಿಚ್‌ಗೂ ಫ್ಯಾನಿನ ರೆಗ್ಯುಲೇಟರ್‌ಗೂ ಇರುವ ವ್ಯತ್ಯಾಸ ನೆನೆಸಿಕೊಳ್ಳಿ, ಆದರೆ ಐದು ಸ್ಪೀಡಿನ ಬದಲು ಹದಿನಾರು ಸಾವಿರ ಸ್ಪೀಡು. ನೆನಪೂ ಲೆಕ್ಕವೂ ಅದೇ ಪದರದಲ್ಲಿ. ಜೇಮ್ಸ್ ವೆಬ್ ದೂರದರ್ಶಕದ ಮಾಹಿತಿಯಿಂದ ನಾಸಾದ ಒಂದು ಹೆಸರಾಂತ ಚಿತ್ರವನ್ನು ಮೇಜಿನ ಮೇಲಿನ ಕಂಪ್ಯೂಟರ್‌ನಲ್ಲೇ ಅವರು ಮತ್ತೆ ರೂಪಿಸಿದರು. ಇದು ನಾಳೆಯೇ ನಮ್ಮ ಫೋನಿಗೆ ಬರಲ್ಲ. ಲ್ಯಾಬ್‌ನಿಂದ ಕಾರ್ಖಾನೆಗೆ ಹೋಗುವ ದಾರಿ ಉದ್ದವಿದೆ.

ಶ್ರೀನಿವಾಸಪುರದ ಹಳ್ಳಿಗಳು ಹೇಳುವ ಮಾತು

ಮಿದುಳಿನ ಅಧ್ಯಯನ ಅಂದರೆ ವಿದೇಶದ ಆಸ್ಪತ್ರೆ ಅಂತ ತಿಳಿಯಬೇಡಿ. ಐಐಎಸ್‌ಸಿ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 2018ರಿಂದ ಕೋಲಾರ ಜಿಲ್ಲೆ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಒಂದು ದೊಡ್ಡ ಅಧ್ಯಯನ ನಡೆಸುತ್ತಿದೆ. 45 ವರ್ಷ ದಾಟಿದ 10,000 ಹಳ್ಳಿ ಜನರನ್ನು ವರ್ಷಗಟ್ಟಲೆ ಗಮನಿಸುವ ಗುರಿ. ನೆನಪಿನ ಶಕ್ತಿ, ಬಿ.ಪಿ, ಸಕ್ಕರೆ, ರಕ್ತ ಪರೀಕ್ಷೆ, ಮಿದುಳಿನ ಸ್ಕ್ಯಾನ್ ಎಲ್ಲವನ್ನೂ ಮತ್ತೆ ಮತ್ತೆ ಮಾಡುತ್ತಾರೆ. ಅಮೆರಿಕ, ಯುರೋಪಿನ ಓದಿದವರ ಮೇಲೆ ಮಾಡಿದ ಲೆಕ್ಕ ನಮ್ಮ ರಾಗಿ ಮುದ್ದೆ ತಿನ್ನುವ, ಹೊಲದಲ್ಲಿ ದುಡಿಯುವ, ಶಾಲೆ ಮೆಟ್ಟಿಲು ಹತ್ತದ ಹಿರಿಯರಿಗೆ ಹೊಂದುತ್ತದೆ ಅಂತ ಹೇಳೋಕಾಗಲ್ಲ. ಅದಕ್ಕೇ ಇದು ಮುಖ್ಯ. ಆ ಹಳ್ಳಿಗಳ ಬದುಕಿಗೂ ನಮ್ಮ ಹಳ್ಳಿಗಳ ಬದುಕಿಗೂ ಬಹಳ ವ್ಯತ್ಯಾಸ ಇಲ್ಲ.

2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಂದಾಜಿನ ಪ್ರಕಾರ ದೇಶದಲ್ಲಿ 60 ದಾಟಿದವರಲ್ಲಿ ಶೇ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಮರೆವಿನ ಕಾಯಿಲೆ ಇದೆ. 'ವಯಸ್ಸಾಯ್ತು, ಅರಳು ಮರಳು' ಅಂತ ನಾವು ಸುಮ್ಮನಾಗುತ್ತೇವೆ. ಆದರೆ 2024ರ ಲ್ಯಾನ್ಸೆಟ್ ಆಯೋಗದ ವರದಿ 14 ಕಾರಣಗಳನ್ನು ಪಟ್ಟಿ ಮಾಡಿ, ಅವನ್ನು ಸರಿಪಡಿಸಿದರೆ ಸುಮಾರು ಶೇ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿದೆ. ಬಿ.ಪಿ, ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟು, ಅತಿ ಕುಡಿತ, ತಲೆಗೆ ಪೆಟ್ಟು, ಕಿವಿ ಕೇಳದಿರುವುದು, ಕಣ್ಣು ಕಾಣದಿರುವುದು, ಒಂಟಿತನ ಎಲ್ಲವೂ ಆ ಪಟ್ಟಿಯಲ್ಲಿವೆ.

ಕಿವಿಗೂ ಮರೆವಿಗೂ ಏನು ಸಂಬಂಧ ಅನ್ನಿಸಬಹುದು. ಜಾಲದ ಲೆಕ್ಕದಲ್ಲಿ ನೋಡಿ. ಕಿವಿ ಮಂದವಾದ ಅಜ್ಜಿ ಮಾತುಕತೆಗೆ ಕೂರೋದು ಬಿಡ್ತಾರೆ. ಬಳಕೆ ಇಲ್ಲದ ದಾರಿಗಳು ಕಳೆಗಟ್ಟುತ್ತವೆ. ಓದು, ಮಾತು, ಲೆಕ್ಕ, ಜನರ ಒಡನಾಟ ಇದ್ದವರ ಮಿದುಳಲ್ಲಿ ಒಂದು ದಾರಿ ಮುಚ್ಚಿದರೂ ಸುತ್ತಿ ಬರುವ ಇನ್ನೊಂದು ದಾರಿ ಇರುತ್ತೆ. ಬಳೆ ಕೇಬಲ್‌ನ ಕಥೆಯೇ ಇದು. ಕಿವಿ ಯಂತ್ರ ಹಾಕಿಸುವುದು, ಕಣ್ಣಿನ ಪೊರೆ ತೆಗೆಸುವುದು ಅಂದರೆ ಕೇಳಲು, ನೋಡಲು ಮಾತ್ರ ಅಲ್ಲ, ತಲೆಗೂ ಔಷಧಿ.

ಲಕ್ವದಲ್ಲಿ ಮಾತ್ರ ಗಡಿಯಾರವೇ ಎಲ್ಲ. ರಕ್ತ ಹೆಪ್ಪುಗಟ್ಟಿ ಬಂದ ಲಕ್ವಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ, ಆದರೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿ.ಟಿ ಸ್ಕ್ಯಾನ್ ಆಗಬೇಕು, ಯಾಕೆಂದರೆ ರಕ್ತನಾಳ ಒಡೆದು ಆದ ಲಕ್ವಕ್ಕೆ ಅದನ್ನು ಕೊಡುವಂತಿಲ್ಲ. ಹಾಗಾಗಿ 'ಸಂಜೆವರೆಗೆ ನೋಡೋಣ' ಅಂತ ಕಾಯೋದು, ನಾಟಿ ಔಷಧಿ, ಎಣ್ಣೆ ತಿಕ್ಕುವವರನ್ನು ಹುಡುಕಿ ಊರೂರು ತಿರುಗೋದು ಅಂದರೆ ಆ ಅವಕಾಶ ಕಳೆದುಕೊಂಡ ಹಾಗೆ. ಸಮಯ ಮೀರಿ ಕೈ ಬಿದ್ದ ಮೇಲೂ ಎಲ್ಲ ಮುಗಿಯಿತು ಅಂತಲ್ಲ. ಸತ್ತ ಕೋಶ ಮತ್ತೆ ಹುಟ್ಟದಿದ್ದರೂ, ಉಳಿದ ಕೋಶಗಳು ಹೊಸ ದಾರಿ ಹಿಡಿದು ಆ ಕೆಲಸದಲ್ಲಿ ಒಂದಷ್ಟನ್ನು ವಹಿಸಿಕೊಳ್ಳುತ್ತವೆ. ಫಿಸಿಯೋಥೆರಪಿ ಮಾಡಿಸುವುದೇ ಆ ದಾರಿ ತುಳಿಸುವುದಕ್ಕೆ. ಮೊದಲ ತಿಂಗಳುಗಳಲ್ಲಿ ದಿನಾ ಮಾಡಿಸಿದಷ್ಟೂ ಲಾಭ.

ಮಿದುಳು ಇಂಟರ್‌ನೆಟ್ ಅಲ್ಲ, ಇದೂ ನೆನಪಿರಲಿ

ಹೋಲಿಕೆಗೆ ಮಿತಿ ಇದೆ. ಎಲ್ಲ ಜಾಲಗಳೂ ಬರಾಬಾಸಿ ಹೇಳಿದ ಥರ ಇಲ್ಲ, ಅಂಥ ಜಾಲಗಳು ನಿಜಕ್ಕೂ ಅಪರೂಪ ಅಂತ 2019ರಲ್ಲಿ ಇನ್ನೊಂದು ತಂಡ ನೂರಾರು ಜಾಲಗಳನ್ನು ಪರೀಕ್ಷಿಸಿ ವಾದಿಸಿತು. ಆ ಚರ್ಚೆ ಮುಗಿದಿಲ್ಲ. ಕೇಬಲ್ ತನ್ನಷ್ಟಕ್ಕೆ ತಾನು ಬೆಳೆಯಲ್ಲ, ನರ ಬೆಳೆಯುತ್ತೆ. ಕೇಬಲ್‌ನಲ್ಲಿ ಹೋಗೋದು ಬೆಳಕು, ನರದಲ್ಲಿ ವಿದ್ಯುತ್ತಿನ ಜೊತೆ ಹತ್ತಾರು ರಾಸಾಯನಿಕಗಳೂ ಕೆಲಸ ಮಾಡುತ್ತವೆ. ಹಾಗಾಗಿ 'ಮಿದುಳನ್ನು ರೀಸ್ಟಾರ್ಟ್ ಮಾಡ್ತೀವಿ, ಮೆಮೊರಿ ಹೆಚ್ಚಿಸ್ತೀವಿ' ಅಂತ ಪುಡಿ, ಟಾನಿಕ್, ಮೆಷಿನ್ ಮಾರಲು ಬರುವವರ ಮಾತಿಗೆ ದುಡ್ಡು ಕೊಡಬೇಡಿ. ಜಾಲದ ವಿಜ್ಞಾನ ಅಂಥ ಯಾವ ಭರವಸೆಯನ್ನೂ ಕೊಟ್ಟಿಲ್ಲ.

ಅಂಗಡಿಗೂ ಮನೆಗೂ ಇಷ್ಟು ನೆನಪಿಡಿ

- ಸೌಂಡ್‌ಬಾಕ್ಸ್ ಮೌನವಾದರೆ ನಿಮ್ಮ ಆ್ಯಪ್ ಅಥವಾ ಖಾತೆ ನೋಡಿ. ಗಿರಾಕಿಯ ಸ್ಕ್ರೀನ್‌ಶಾಟ್ ಸಾಕ್ಷಿ ಅಲ್ಲ.
- ಬ್ರಾಡ್‌ಬ್ಯಾಂಡ್ ಮತ್ತು ಮೊಬೈಲ್ ಬೇರೆ ಬೇರೆ ಕಂಪನಿಯದ್ದಿರಲಿ. ಆದರೂ ಗಲ್ಲಾದಲ್ಲಿ ಒಂದಷ್ಟು ಚಿಲ್ಲರೆ ಇಟ್ಟುಕೊಳ್ಳಿ, ಯಾವ ಕೇಬಲ್ ಕಟ್ ಆದರೂ ನಡೆಯುವ ದಾರಿ ಅದೊಂದೇ.
- ಡೇಟಾ ಮಾತ್ರ ಇಲ್ಲ, ಟವರ್ ಇದೆ ಅಂದರೆ ಸ್ಟಾರ್ 99 ಹ್ಯಾಶ್ ಸೇವೆ ಮತ್ತು ಕೀಪ್ಯಾಡ್ ಫೋನಿನ ಯುಪಿಐ 123ಪೇ ಕೆಲಸ ಮಾಡುತ್ತವೆ. ಮೊದಲೇ ಒಂದು ಸಲ ಪ್ರಯತ್ನಿಸಿ ನೋಡಿಟ್ಟುಕೊಳ್ಳಿ.
- ಅಂಗಡಿ ಮುಂದೆ ಗುಂಡಿ ತೋಡುವಾಗ ಕೇಬಲ್ ಗುರುತು ಕಂಡರೆ ಕೆಲಸದವರಿಗೆ ಹೇಳಿ. ಒಂದು ನಿಮಿಷದ ಮಾತಿಗೆ ಒಂದು ದಿನದ ವ್ಯಾಪಾರ ಉಳಿಯುತ್ತೆ.
- ಬಾಯಿ ಸೊಟ್ಟ, ಕೈ ಬಲ ಇಲ್ಲ, ಮಾತು ತೊದಲು, ಈ ಮೂರರಲ್ಲಿ ಒಂದು ದಿಢೀರ್ ಬಂದರೂ ಲಕ್ವ ಇರಬಹುದು. ಎಷ್ಟು ಗಂಟೆಗೆ ಶುರುವಾಯಿತು ಅಂತ ಗುರುತಿಟ್ಟುಕೊಂಡು 108ಕ್ಕೆ ಫೋನ್ ಮಾಡಿ, ಸಿ.ಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ.
- 40 ದಾಟಿದವರು ಬಿ.ಪಿ, ಸಕ್ಕರೆ ಪರೀಕ್ಷೆ ಮಾಡಿಸಿ. ಇಡೀ ದಿನ ಗಲ್ಲಾದ ಮುಂದೆ ಕೂರುವ ವ್ಯಾಪಾರಸ್ಥರು ಇದನ್ನು ಮುಂದಕ್ಕೆ ಹಾಕಲೇಬೇಡಿ.
- ಮನೆಯ ಹಿರಿಯರಿಗೆ ಗೊತ್ತಿರುವ ದಾರಿ ತಪ್ಪುತ್ತಿದ್ದರೆ, ಕೊಟ್ಟ ದುಡ್ಡನ್ನು ಮತ್ತೆ ಮತ್ತೆ ಎಣಿಸುತ್ತಿದ್ದರೆ ವಯಸ್ಸಿನ ಮೇಲೆ ಹಾಕಿ ಬಿಡಬೇಡಿ. ನಿಮ್ಹಾನ್ಸ್ ಮತ್ತು ರಾಜ್ಯ ಆರೋಗ್ಯ ಇಲಾಖೆಯ ಮಿದುಳು ಆರೋಗ್ಯ ಕಾರ್ಯಕ್ರಮ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರಿನಲ್ಲಿ ಶುರುವಾಗಿ ನಂತರ ಬೇರೆ ಜಿಲ್ಲಾಸ್ಪತ್ರೆಗಳಿಗೂ ವಿಸ್ತರಿಸಿದೆ. ತುಮಕೂರು ಜಿಲ್ಲಾಸ್ಪತ್ರೆಯಲ್ಲಿ ಮಿದುಳು ಕ್ಲಿನಿಕ್ ಯಾವ ದಿನ ಇರುತ್ತೆ ಅಂತ ವಿಚಾರಿಸಿ ಕರೆದುಕೊಂಡು ಹೋಗಿ.